ಬೇಕರಿಯ ಚೆರ್ರಿಯೂ ಕಪ್ಪತಗುಡ್ಡದ ಕವಳಿಯೂ

ಕಪ್ಪತಗುಡ್ಡದ ಮಗ್ಗುಲಿಗೆ ಆತುಕೊಂಡಿರುವ ಡೋಣಿಯಂಥ ಊರುಗಳಲ್ಲಿಯೂ ಈಗ ಮಗುವಿನ ಹುಟ್ಟುಹಬ್ಬವೆಂದರೆ, ಮುಂಡರಗಿಯಿಂದಲೋ ಗದಗಿನಿಂದಲೋ ರಟ್ಟಿನ ಡಬ್ಬಿಯಲ್ಲಿ, ಬಸ್ಸಿನ ಕುಲುಕಾಟಕ್ಕೆ ಅಲುಗದಂತೆ ತೊಡೆಯ ಮೇಲಿಟ್ಟುಕೊಂಡು ತಂದ ಒಂದು ಕೇಕು ಇರಲೇಬೇಕೆಂಬ ರೂಢಿ ಬೇರೂರಿದೆ. ಇದನ್ನು ಕಂಡು ನಮ್ಮ ಆಚಾರ ಕೆಟ್ಟಿತೆಂದು ಹಲುಬುವವರ ಮಾತಿನಲ್ಲಿ ನನಗೆ ವಿಶ್ವಾಸವಿಲ್ಲ. ಗದಗಿನ ಹೆಸರನ್ನು ನಾಡಿನಾದ್ಯಂತ ಒಯ್ದ ಮಿರ್ಚಿ ಭಜಿಯ ಮೆಣಸಿನಕಾಯಿಯಾಗಲಿ, ನಮ್ಮ ಹಿಂಡಿಗೂ ಹೋಳಿಗೆಗೂ ಒದಗಿ ಬರುವ ಶೇಂಗಾವಾಗಲಿ ಅಮೆರಿಕ ಖಂಡದಿಂದ ಹಡಗೇರಿ ಬಂದವುಗಳೇ ಆಗಿದ್ದು, ನಮ್ಮ ಅಜ್ಜಿಯಂದಿರ ಕೈಗೆ ಸಿಕ್ಕ ಮೇಲೆ ನಮ್ಮವಾದವು. ಕೇಕಿಗೂ ಅದೇ ಭಾಗ್ಯ ಒದಗಬಾರದೆಂಬ ನಿಯಮವೇನೂ ಇಲ್ಲ. ಒದಗಬೇಕಾದರೆ ಮಾತ್ರ ಅದು ಅಂಗಡಿಯ ಗಾಜಿನ ಕಪಾಟಿನಿಂದ ಇಳಿದು ನಮ್ಮ ಅಡಿಗೆಮನೆಯ ಒಲೆಯನ್ನು ಏರಬೇಕು. ಅದರ ನೆತ್ತಿಯ ಮೇಲಿನ ಹಣ್ಣು ನಮ್ಮ ಹೊಲದ ಬದುವಿನಿಂದ ಬರಬೇಕು. ಈ ಎರಡು ಮಾತುಗಳನ್ನು ಸಮರ್ಥಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಹಣ್ಣಿನ ವಿಷಯವನ್ನೇ ಮೊದಲು ಹೇಳಬೇಕು. ಕೇಕಿನ ಮೇಲೆ, ಬನ್ನಿನ ಹೊಟ್ಟೆಯಲ್ಲಿ, ಮಸಾಲೆ ಎಲೆಯ ಬೀಡಾಕ್ಕೆ ಚುಚ್ಚಿದ ಕಡ್ಡಿಯ ತುದಿಯಲ್ಲಿ ಚೆರ್ರಿಯೆಂಬ ಹೆಸರಿನಿಂದ ನಮಗೆ ಅಗ್ಗವಾಗಿ ದೊರೆಯುವ ಆ ಕಡುಗೆಂಪು ಹಣ್ಣು ಬಹುಪಾಲು ಚೆರ್ರಿಯೇ ಅಲ್ಲ. ನಿಜವಾದ ಚೆರ್ರಿ ಕಾಶ್ಮೀರ, ಹಿಮಾಚಲಗಳಂಥ ಶೀತಪ್ರದೇಶದ ಫಲ, ಬೇಸಿಗೆಯ ಕೆಲವೇ ವಾರಗಳ ಮಟ್ಟಿಗೆ ಲಭ್ಯ, ಕಿತ್ತ ಮೇಲೆ ಬಹುಕಾಲ ತಾಳದು, ಬೆಲೆಯೂ ದುಬಾರಿ. ಆದುದರಿಂದ ಅದರ ಸ್ಥಾನದಲ್ಲಿ ನಮ್ಮ ಬೇಕರಿಗಳವರು ಬಹುಕಾಲದಿಂದ ಬಳಸುತ್ತಿರುವುದು ಸಕ್ಕರೆಯ ಪಾಕದಲ್ಲಿ ನೆನೆದು ಬಣ್ಣವೇರಿಸಿಕೊಂಡ ಕವಳಿಯ ಹಣ್ಣನ್ನು. ಸಂಸ್ಕೃತದ ವೈದ್ಯಗ್ರಂಥಗಳು ಕರಮರ್ದವೆಂದು ಕರೆದ, ಮಲೆನಾಡಿನವರು ಕರಂಡೆಯೆನ್ನುವ, ಬೇಸಿಗೆಯ ಕೊನೆಗೆ ಧಾರವಾಡ, ಗದಗಗಳ ಸಂತೆಯಲ್ಲಿ ಬುಟ್ಟಿಯ ಮುಂದೆ ಕುಳಿತ ಹೆಂಗಸರು ‘ಕವಳಿ ಹಣ್ಣ್ರೀ’ ಎಂದು ಕೂಗಿ ಎಲೆಯ ದೊನ್ನೆಯಲ್ಲಿ ಅಳೆದುಕೊಡುವ ಅದೇ ಹಣ್ಣು.

ಕವಳಿಯ ಗಿಡವನ್ನು ಹತ್ತಿರದಿಂದ ಕಂಡವರಿಗೆ ಅದರ ಸ್ವಭಾವ ಗೊತ್ತು. ಆಳೆತ್ತರಕ್ಕೆ ಬೆಳೆದು ಒತ್ತಾಗಿ ಹೆಣೆದುಕೊಳ್ಳುವ ಕಂಟಿ. ಗೆಣ್ಣುಗೆಣ್ಣಿಗೆ ಜೋಡಿಯಾಗಿ ನಿಂತ, ಕೆಲವೊಮ್ಮೆ ತುದಿಯಲ್ಲಿ ಕವಲೊಡೆದ ಗಟ್ಟಿ ಮುಳ್ಳು. ದಪ್ಪನೆಯ, ಮಿರುಗುವ ಎಲೆ. ಎಲೆ ಮುರಿದರೂ ಕಾಯಿ ಹರಿದರೂ ಒಸರುವ ಬಿಳಿಯ ಹಾಲು. ಬೇಸಿಗೆ ಅಡಿಯಿಡುವ ಹೊತ್ತಿಗೆ ಮಲ್ಲಿಗೆಯನ್ನು ಹೋಲುವ ಬಿಳಿಯ ಸುಗಂಧಪುಷ್ಪಗಳು ಗೊಂಚಲಾಗಿ ಅರಳಿ, ಕಾಯಿ ಕಟ್ಟಿ, ಆ ಕಾಯಿ ಹಸುರಿನಿಂದ ನಸುಗೆಂಪಿಗೂ ನಸುಗೆಂಪಿನಿಂದ ಕಡುನೇರಳೆಗೂ ತಿರುಗಿ, ಮಳೆ ಹಿಡಿಯುವ ಹೊತ್ತಿಗೆ ಮಾಗುತ್ತದೆ. ಮಾಗಿದ ಹಣ್ಣನ್ನು ಬಾಯಿಗಿಟ್ಟರೆ ಹುಳಿ, ಸಿಹಿ, ಒಗರುಗಳು ಒಂದರ ಬೆನ್ನಿಗೊಂದು ಬರುತ್ತವೆ. ಹಾಲಿನ ಅಂಟು ತುಟಿಗೂ ಹಲ್ಲಿಗೂ ಹತ್ತುತ್ತದೆ. ಒಳಗೆ ನಾಲ್ಕಾರು ಚಪ್ಪಟೆಯ ಬೀಜಗಳು ನಾಲಿಗೆಗೆ ತಗಲುತ್ತವೆ. ಹಣ್ಣಿನಲ್ಲಿ ಪೆಕ್ಟಿನ್ ಎಂಬ, ಜಾಮನ್ನೂ ಜೆಲ್ಲಿಯನ್ನೂ ಗಟ್ಟಿಗೊಳಿಸುವ ದ್ರವ್ಯ ಹೇರಳವಾಗಿರುವುದರಿಂದ, ಸಕ್ಕರೆಯೊಡನೆ ಕುದಿಸಿದರೆ ಬೇರೇನನ್ನೂ ಸೇರಿಸದೆಯೇ ತಾನಾಗಿ ಹೆಪ್ಪುಗಟ್ಟುವ ಗುಣ ಇದಕ್ಕುಂಟು.

ಇಂಥ ಫಲ ಬೇಕರಿಯ ಡಬ್ಬಿಯನ್ನು ಸೇರುವ ಮೊದಲು ಏನೇನನ್ನು ಅನುಭವಿಸುತ್ತದೆಂಬುದನ್ನು ತಿಳಿದರೆ ಯಾರಿಗೂ ಮರುಕವಾದೀತು. ಇನ್ನೂ ಗಟ್ಟಿಯಾಗಿರುವಾಗಲೇ ಕಿತ್ತು, ಬೀಜ ತೆಗೆದು, ಉಪ್ಪುನೀರಿನಲ್ಲಿ ಊರಲಿಟ್ಟು, ಗಂಧಕದ ಲವಣಗಳಿಂದ ಅದರ ಸ್ವಂತ ವರ್ಣವನ್ನು ಕಳೆಯುತ್ತಾರೆ. ತರುವಾಯ ತೊಳೆತೊಳೆದು ಹುಳಿಯನ್ನೂ ಒಗರನ್ನೂ ಹೋಗಲಾಡಿಸುತ್ತಾರೆ. ಹೀಗೆ ಬಣ್ಣವಿಲ್ಲದೆ, ರುಚಿಯಿಲ್ಲದೆ, ಬರಿಯ ಆಕಾರ ಮಾತ್ರವಾಗಿ ಉಳಿದುದಕ್ಕೆ ಕೃತಕ ಕೆಂಪನ್ನು ಊಡಿ, ದಿನದಿನಕ್ಕೆ ಗಾಢವಾಗುವ ಸಕ್ಕರೆಯ ಪಾಕದಲ್ಲಿ ಮುಳುಗಿಸಿ, ಕೊನೆಗೆ ಒಣಗಿಸಿ ಡಬ್ಬಿಗೆ ತುಂಬುತ್ತಾರೆ. ಈ ವಿದ್ಯೆಯನ್ನು ನಾನು ಹಳಿಯುವುದಿಲ್ಲ. ವರ್ಷವಿಡೀ ಕೆಡದ ಪದಾರ್ಥವೊಂದನ್ನು ಬಡವರ ಕೈಗೆಟುಕುವ ಬೆಲೆಯಲ್ಲಿ ಒದಗಿಸಿದ ಶ್ರೇಯಸ್ಸು ಅದಕ್ಕೆ ಸಲ್ಲಲೇಬೇಕು. ಆದರೆ ಕವಳಿಯಲ್ಲಿ ಕವಳಿಯೆನ್ನುವಂಥದ್ದು ಏನಿತ್ತೋ ಅಷ್ಟೂ ಈ ಕ್ರಮದಲ್ಲಿ ನೀರಿನೊಡನೆ ಹರಿದುಹೋಗುತ್ತದೆ.

ಬಣ್ಣದ ಪ್ರಶ್ನೆಯೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಇಂಥ ಹಣ್ಣುಗಳಿಗೆ ಜಗತ್ತಿನಾದ್ಯಂತ ಬಹುಕಾಲ ಬಳಕೆಯಲ್ಲಿದ್ದ ಎರಿಥ್ರೊಸಿನ್ ಎಂಬ ಕೆಂಪು ಬಣ್ಣವನ್ನು ನಮ್ಮ ದೇಶದ ನಿಯಮಗಳು ಒಂದು ಮಿತಿಯೊಳಗೆ ಅನುಮತಿಸುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನವಾದರೋ 2025ರ ಜನವರಿಯಲ್ಲಿ ಆಹಾರದಲ್ಲಿ ಅದರ ಬಳಕೆಗೆ ಕೊಟ್ಟಿದ್ದ ಅನುಮತಿಯನ್ನು ಹಿಂತೆಗೆದುಕೊಂಡು, ತಯಾರಕರಿಗೆ 2027ರ ಜನವರಿಯವರೆಗೆ ಕಾಲಾವಕಾಶವನ್ನಿತ್ತಿತು. ಅಲ್ಲಿಯ ಈ ನಿರ್ಣಯಕ್ಕೆ ಆಧಾರವಾದದ್ದು ಗಂಡು ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಕಂಡ ಗಡ್ಡೆಗಳು. ಮನುಷ್ಯರಲ್ಲಿ ಅಂಥ ಕೇಡು ಸಿದ್ಧಪಟ್ಟಿತೆಂದು ಯಾರೂ ಹೇಳಿಲ್ಲ. ಆದುದರಿಂದ ಓದುಗರು ಭಯಪಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಕುದಿಸಿದರೆ ತಾನಾಗಿಯೇ ಮಾಣಿಕ್ಯದಂಥ ಕೆಂಪನ್ನು ಕೊಡುವ ಹಣ್ಣಿನ ಬಣ್ಣವನ್ನು ಶ್ರಮಪಟ್ಟು ಕಳೆದು, ಮತ್ತೆ ಶ್ರಮಪಟ್ಟು ಬೇರೆ ಬಣ್ಣವನ್ನು ಹಚ್ಚುವ ಅಗತ್ಯ ಮನೆಯ ಅಡಿಗೆಯಲ್ಲಿ ಎಲ್ಲಿದೆ ಎಂಬುದಷ್ಟೇ ನಾನು ಕೇಳುವ ಮಾತು.

ಈಗ ಕೇಕಿಗೆ ಬರೋಣ. ಅಮೆರಿಕದ ಗೃಹಿಣಿಯರು ಹಳೆಯ ಕಾಲದ ಚಾಕೊಲೇಟ್ ಚೆರ್ರಿ ಕೇಕು ಎಂದು ಮಮತೆಯಿಂದ ಕರೆಯುವ ಒಂದು ಸರಳ ಭಕ್ಷ್ಯವಿದೆ. ಅದರಲ್ಲಿ ಮೆರವಣಿಗೆಯ ವೈಭವವಿಲ್ಲ, ಅಂತಸ್ತುಗಳಿಲ್ಲ, ಕೆನೆಯಿಂದ ಬಿಡಿಸಿದ ಗುಲಾಬಿಗಳಿಲ್ಲ. ಕೋಕೋ ಬೆರೆಸಿದ ಹಿಟ್ಟಿನಲ್ಲಿ ಹಿತ್ತಿಲ ಗಿಡದ ಹುಳಿ ಚೆರ್ರಿಯನ್ನು ಕಲಸಿ, ತಗಡಿನ ತಟ್ಟೆಯಲ್ಲಿ ಬೇಯಿಸಿ, ಬಿಸಿಯಾರುವ ಮೊದಲೇ ಫಜ್ ಎಂಬ ಸಕ್ಕರೆ ಬೆಣ್ಣೆಯ ಪಾಕವನ್ನು ಮೇಲೆ ಸುರಿದರೆ ಮುಗಿಯಿತು. ಈಚೆಗೆ ಅಲ್ಲಿಯೂ ಪೊಟ್ಟಣದ ಹಿಟ್ಟು, ಡಬ್ಬಿಯ ಹಣ್ಣು ಬಂದು ಕೆಲಸ ಇನ್ನೂ ಹಗುರವಾಗಿದೆ. ಆದರೆ ಆ ಕೇಕಿನ ಮೂಲಧರ್ಮ, ತನ್ನ ಮಣ್ಣಿನಲ್ಲಿ ಬೆಳೆದ ಹುಳಿಹಣ್ಣನ್ನು ಆ ಋತುವಿನಲ್ಲಿ ಶೀಸೆಗೆ ತುಂಬಿಟ್ಟುಕೊಂಡು ವರ್ಷವೆಲ್ಲ ಬಳಸುವುದು. ನಾವು ಅನುಕರಿಸಬೇಕಾದದ್ದು ಆ ಧರ್ಮವನ್ನು. ಕಾಶ್ಮೀರದ ಚೆರ್ರಿಯನ್ನು ಗದಗಿಗೆ ತರಿಸುವುದು ಅದರ ಬಾಹ್ಯ ಅನುಕರಣೆ. ಡೋಣಿಯ ಕವಳಿಯನ್ನು ಬಳಸುವುದು ಅಂತರಂಗದ ಅನುಸರಣೆ.

ಮೊಟ್ಟೆ ಮುಟ್ಟದ ಮನೆಗಳು ನಮ್ಮ ಸೀಮೆಯಲ್ಲಿ ಬಹಳವಾಗಿರುವುದರಿಂದ ಕೇಕೆಂದೊಡನೆ ಸಂಕೋಚ ಪಡುವ ತಾಯಂದಿರುಂಟು. ಆ ಸಂಕೋಚಕ್ಕೆ ಕಾರಣವಿಲ್ಲವೆಂಬುದನ್ನು ಹಾಸನ ಸೀಮೆಯಿಂದ ಹೊರಟು ಬೆಂಗಳೂರಿನಲ್ಲಿ 1898ರಷ್ಟು ಹಿಂದೆಯೇ ಅಂಗಡಿ ಹೂಡಿದ ಅಯ್ಯಂಗಾರ್ ಬೇಕರಿಗಳ ಪರಂಪರೆ ನಮಗೆ ತೋರಿಸಿಕೊಟ್ಟಿದೆ. ಮೊಟ್ಟೆಯ ಕೆಲಸವನ್ನು ಬಹುಮಟ್ಟಿಗೆ ಮಜ್ಜಿಗೆಯೂ ಅಡಿಗೆ ಸೋಡಾವೂ ಕೂಡಿ ನಿರ್ವಹಿಸುತ್ತವೆ. ಮಜ್ಜಿಗೆಯ ಹುಳಿ ಸೋಡಾವನ್ನು ಸೋಂಕಿದ ಕ್ಷಣದಿಂದ ಇಂಗಾಲಾಮ್ಲದ ವಾಯು ಗುಳ್ಳೆಗುಳ್ಳೆಯಾಗಿ ಏಳತೊಡಗುತ್ತದೆ. ಆ ಗುಳ್ಳೆಗಳು ಆರಿಹೋಗುವ ಮೊದಲೇ ಹಿಟ್ಟು ಬಿಸಿಯನ್ನು ಕಂಡರೆ ಅವು ಹಿಗ್ಗಿ, ಸುತ್ತಲಿನ ಹಿಟ್ಟು ಬೆಂದು ಗಟ್ಟಿಯಾಗಿ, ಕೇಕು ಅರಳಿ ನಿಲ್ಲುತ್ತದೆ. ಆದುದರಿಂದ ಪಾತ್ರೆ ಕಾದು ಸಿದ್ಧವಾಗುವವರೆಗೆ ಹಸಿಯನ್ನೂ ಒಣದನ್ನೂ ಕೂಡಿಸಬಾರದು. ಕೂಡಿಸಿದ ಮೇಲೆ ಮಾತನಾಡುತ್ತ ನಿಲ್ಲಬಾರದು. ಬಹಳ ಹೊತ್ತು ತಿರುವಲೂಬಾರದು. ತಿರುವಿದಷ್ಟೂ ಮೈದಾದ ನಾರು ಬಲಿತು ಕೇಕು ರಬ್ಬರಿನಂತಾಗುತ್ತದೆ.

ಪ್ರಮಾಣ ಹೀಗಿರಲಿ. ಮೈದಾ 190 ಗ್ರಾಂ, ಸಕ್ಕರೆ 200 ಗ್ರಾಂ, ಸಕ್ಕರೆ ಬೆರೆಸದ ಕೋಕೋ ಪುಡಿ 30 ಗ್ರಾಂ, ಒಂದು ಚಮಚ ಅಡಿಗೆ ಸೋಡಾ, ಅರ್ಧ ಚಮಚ ಉಪ್ಪು, ಇವನ್ನು ಒಟ್ಟಿಗೆ ಎರಡು ಸಲ ಜರಡಿ ಹಿಡಿಯಬೇಕು. ಹುಳಿಮಜ್ಜಿಗೆ 240 ಮಿಲಿಲೀಟರು, ವಾಸನೆ ಕಡಿಮೆಯಿರುವ ಎಣ್ಣೆ 80 ಮಿಲಿಲೀಟರು ಬೇರೆಯಾಗಿ ಕಲಸಿರಬೇಕು. ಗಾಣದ ಶೇಂಗಾ ಎಣ್ಣೆಗೆ ತನ್ನದೇ ಪರಿಮಳವಿರುವುದರಿಂದ ಇಲ್ಲಿ ಅದು ಕೋಕೋವನ್ನು ಮೀರಿಸೀತು. ಕುಸುಬಿ ಎಣ್ಣೆ ಅಥವಾ ಸೂರ್ಯಕಾಂತಿಯ ಎಣ್ಣೆ ಮೇಲು.

ಕವಳಿಯನ್ನು ಹಿಂದಿನ ದಿನವೇ ಸಿದ್ಧಪಡಿಸಿಕೊಳ್ಳುವುದು ಲೇಸು. ನಸುಗೆಂಪು ಕಳೆದು ನೇರಳೆಗೆ ತಿರುಗಿದ, ಆದರೆ ಮೆತ್ತಗಾಗದ ಹಣ್ಣು ಕಾಲು ಕಿಲೋ ತೆಗೆದುಕೊಂಡು, ಕೈಗೆ ಎಣ್ಣೆ ಸವರಿಕೊಂಡು, ಒಂದೊಂದನ್ನೂ ಉದ್ದಕ್ಕೆ ಸೀಳಿ ಬೀಜ ಬಿಡಿಸಬೇಕು. ಎಣ್ಣೆ ಸವರದಿದ್ದರೆ ಹಾಲು ಬೆರಳಿಗಂಟಿ ಬೇಗನೆ ಬಿಡದು. ಹುಳಿಹಣ್ಣಾದ್ದರಿಂದ ಕಬ್ಬಿಣ, ಅಲ್ಯೂಮಿನಿಯಮ್ ಪಾತ್ರೆಗಳನ್ನು ಬಿಟ್ಟು ಸ್ಟೀಲಿನ ಪಾತ್ರೆಯಲ್ಲಿ, 150 ಗ್ರಾಂ ಸಕ್ಕರೆ, ಮೂರು ನಾಲ್ಕು ಚಮಚ ನೀರಿನೊಡನೆ ಸಣ್ಣ ಉರಿಯ ಮೇಲಿಟ್ಟರೆ, ಮೊದಲು ಅಂಟಂಟಾದ ಹಾಲು ಒಸರಿ ರಸ ಕದಡಿದಂತೆ ಕಾಣುತ್ತದೆ. ಆ ಹೊತ್ತಿನಲ್ಲಿ ಕೆಟ್ಟಿತೆಂದು ಎದೆಗುಂದಬಾರದು. ಕುದಿ ಏರಿದಂತೆ ಕದಡು ಮಾಯವಾಗಿ, ರಸ ತಿಳಿಯಾಗಿ, ಯಾವ ಡಬ್ಬಿಯ ಬಣ್ಣವೂ ಕೊಡಲಾರದ ಒಂದು ಆಳವಾದ ಕೆಂಪು ಪಾತ್ರೆಯ ತುಂಬ ಹಬ್ಬುತ್ತದೆ. ಹಣ್ಣು ಮೆದುವಾಗಿ ರಸ ಚಮಚದ ಬೆನ್ನಿಗೆ ಹತ್ತುವಂತಾದಾಗ ಇಳಿಸಿ, ಆರಿದ ಮೇಲೆ ಹಣ್ಣನ್ನೂ ರಸವನ್ನೂ ಬೇರೆಬೇರೆಯಾಗಿ ಸೋಸಿಡಬೇಕು. ರಸ ಹಿಟ್ಟಿಗೆ ಬಿದ್ದರೆ ಕೇಕಿನ ಒಡಲು ಹಸಿಯಾಗಿ ಉಳಿಯುತ್ತದೆ. ಅದರ ಉಪಯೋಗ ಮುಂದೆ ಬರಲಿದೆ.

ಮನೆಯಲ್ಲಿ ಒವನ್ ಇಲ್ಲವೆಂಬುದು ಅನೇಕರ ತಡೆ. ಐದು ಲೀಟರಿನ ಪ್ರೆಶರ್ ಕುಕ್ಕರು ಆ ಕೆಲಸಕ್ಕೆ ಧಾರಾಳವಾಗಿ ಸಾಕು. ತಳದಲ್ಲಿ ಎರಡು ಬೆರಳು ದಪ್ಪ ಉಪ್ಪನ್ನೋ ತೊಳೆದೊಣಗಿಸಿದ ಉಸುಕನ್ನೋ ಹರಡಿ, ಮೇಲೊಂದು ಸಿಂಬಿಯನ್ನಿಟ್ಟು, ಮುಚ್ಚಳದ ರಬ್ಬರನ್ನೂ ಸೀಟಿಯನ್ನೂ ತಪ್ಪದೆ ತೆಗೆದು, ಹತ್ತು ನಿಮಿಷ ಕಾಯಿಸಬೇಕು. ನೀರು ಹಾಕಕೂಡದು. ಕುಕ್ಕರು ಕಾದ ಮೇಲೆಯೇ ಒಣ ಹಿಟ್ಟನ್ನೂ ಮಜ್ಜಿಗೆಯ ಮಿಶ್ರಣವನ್ನೂ ಕೂಡಿಸಿ, ಮೈದಾದಲ್ಲಿ ಹೊರಳಿಸಿದ ಕವಳಿಯ ಹಣ್ಣಿನ ಮುಕ್ಕಾಲು ಪಾಲನ್ನು ಅದರಲ್ಲಿ ಹಗುರಾಗಿ ಕಲಸಿ, ಎಣ್ಣೆ ಸವರಿದ ಏಳು ಅಂಗುಲದ ಡಬ್ಬಿಗೆ ಸುರಿದು, ಕುಕ್ಕರಿನೊಳಗಿಟ್ಟು ಮುಚ್ಚಿ, ಸಣ್ಣ ಉರಿಯ ಮೇಲೆ ಸುಮಾರು ನಲವತ್ತೈದು ನಿಮಿಷ ಬೇಯಿಸುವುದು. ನಡುವಿಗೆ ಕಡ್ಡಿ ಚುಚ್ಚಿ ತೆಗೆದರೆ ಹಸಿಹಿಟ್ಟು ಅಂಟಿರಬಾರದು. ಇನ್ನೂ ಬಿಸಿಯಿರುವಾಗಲೇ ಮೈಯೆಲ್ಲ ಕಡ್ಡಿಯಿಂದ ತೂತುಮಾಡಿ ಸೋಸಿಟ್ಟ ಕೆಂಪು ರಸವನ್ನು ಚಮಚ ಚಮಚವಾಗಿ ಕುಡಿಸಿದರೆ, ಚಾಕೊಲೇಟಿನ ಕಹಿಯ ಒಳಗೆ ಕವಳಿಯ ಹುಳಿ ಇಳಿದು, ಅಂಗಡಿಯ ಯಾವ ಕೇಕಿನಲ್ಲಿಯೂ ದೊರೆಯದ ಒಂದು ರುಚಿ ಹುಟ್ಟುತ್ತದೆ. ಚಾಕೊಲೇಟಿಗೆ ಬೇಕಾದದ್ದು ಹುಳಿಯೇ. ಸಿಹಿಗೆ ಸಿಹಿಯನ್ನೇ ಒಡ್ಡಿದರೆ ನಾಲಿಗೆ ಬೇಗ ಬೇಸರಗೊಳ್ಳುತ್ತದೆ. ಪಾಕದ ಚೆರ್ರಿಯಿಟ್ಟ ಕೇಕನ್ನು ಎರಡು ತುತ್ತಿಗೆ ಬಿಟ್ಟೇಳುವ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ.

ಮೇಲಿನ ಹೊದಿಕೆಯಾದ ಫಜ್ಜಿನ ವಿಷಯದಲ್ಲಿ ನನಗೆ ವಿಶೇಷವಾದ ಪ್ರೀತಿ. ಏಕೆಂದರೆ ಅದು ನಮ್ಮ ಹೆಣ್ಣುಮಕ್ಕಳು ಕಲಿಯಬೇಕಾದ ವಿದ್ಯೆಯಲ್ಲ, ಬಲ್ಲ ವಿದ್ಯೆ. ಫಜ್ ಎಂಬ ತಿನಿಸು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಮಹಿಳಾ ಕಾಲೇಜುಗಳಲ್ಲಿ ಪ್ರಸಿದ್ಧಿಗೆ ಬಂದಿತು; 1888ರಲ್ಲಿ ವ್ಯಾಸರ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಅಲ್ಲಿಯ ಹರಾಜಿಗಾಗಿ ಅದನ್ನು ರಾಶಿಯಾಗಿ ಮಾಡಿದ ಸಂಗತಿ ದಾಖಲೆಯಲ್ಲಿದೆ. ಅದರ ಒಳಗುಟ್ಟೆಲ್ಲ ಪಾಕದ ಹದದಲ್ಲಿದೆ. ಸಕ್ಕರೆ 300 ಗ್ರಾಂ, ಕೋಕೋ 30 ಗ್ರಾಂ, ಹಾಲು 120 ಮಿಲಿಲೀಟರು ಸೇರಿಸಿ ಸಕ್ಕರೆ ಕರಗುವವರೆಗೆ ತಿರುವಿ, ಅನಂತರ ಸೌಟು ಮುಟ್ಟಿಸದೆ ಕುದಿಯಲು ಬಿಟ್ಟರೆ, ಮೊದಲು ದೊಡ್ಡದೊಡ್ಡದಾಗಿ ಎದ್ದು ಒಡೆಯುವ ಗುಳ್ಳೆಗಳು ಬರಬರುತ್ತ ಸಣ್ಣವಾಗಿ, ಒತ್ತಾಗಿ, ಮಂದವಾದ ಸದ್ದಿಗೆ ತಿರುಗುತ್ತವೆ. ಆಗ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟನ್ನು ಬಿಟ್ಟರೆ ಅದು ಕರಗದೆ ತಳಕ್ಕಿಳಿದು, ಬೆರಳಿನಿಂದ ಕೂಡಿಸಿದಾಗ ಮೆತ್ತನೆಯ ಉಂಡೆಯಾಗಬೇಕು. ಪಾಶ್ಚಾತ್ಯರ ಉಷ್ಣಮಾಪಕದಲ್ಲಿ ಇದು 112ರಿಂದ 115 ಡಿಗ್ರಿ ಸೆಲ್ಸಿಯಸ್ ಆಗುತ್ತದೆ. ಪಂಚಮಿ ಹಬ್ಬಕ್ಕೆ ಶೇಂಗಾದ ಉಂಡಿ, ಎಳ್ಳುಂಡಿ, ಲಾಡಕಿ ಉಂಡಿ ಕಟ್ಟಲು ಬೆಲ್ಲದ ಆಣವನ್ನು ಇದೇ ನೀರಿನ ಬಟ್ಟಲಿನಲ್ಲಿ ಪರೀಕ್ಷಿಸುವ ನಮ್ಮ ತಾಯಂದಿರಿಗೆ ಆ ಉಷ್ಣಮಾಪಕದ ಅಗತ್ಯ ಎಂದೂ ಬೀಳಲಿಲ್ಲ, ಬೀಳುವುದೂ ಇಲ್ಲ.

ಹದ ಬಂದೊಡನೆ ಇಳಿಸಿ, ಒಂದು ಹಿಡಿಯಷ್ಟು, ಅಂದರೆ ಸುಮಾರು 45 ಗ್ರಾಂ ಬೆಣ್ಣೆಯನ್ನು ಮೇಲೆ ಹಾಕಿ, ಕಲಕದೆ ಬಿಡಬೇಕು. ಪಾತ್ರೆಯ ತಳ ಕೈಗೆ ಬೆಚ್ಚಗೆ ಹತ್ತುವಷ್ಟು ಆರುವ ತನಕ ಮುಟ್ಟದಿರುವ ಈ ಸಂಯಮದಲ್ಲಿಯೇ ಫಜ್ಜಿನ ನುಣುಪೆಲ್ಲ ಅಡಗಿದೆ. ಬಿಸಿಯಿರುವಾಗ ಕಲಕಿದರೆ ಸಕ್ಕರೆಯ ಹರಳುಗಳು ವಿರಳವಾಗಿ ಹುಟ್ಟಿ ದೊಡ್ಡವಾಗಿ ಬೆಳೆದು ಹಲ್ಲಿಗೆ ಕರಕರ ಸಿಗುತ್ತವೆ; ಆರಿದ ಮೇಲೆ ಬಲವಾಗಿ ತಿರುವಿದರೆ ಅಸಂಖ್ಯವಾದ ಸೂಕ್ಷ್ಮ ಹರಳುಗಳು ಒಮ್ಮೆಲೇ ಹುಟ್ಟಿ, ಯಾವುದೂ ದೊಡ್ಡದಾಗಲು ಅವಕಾಶವಿಲ್ಲದೆ, ನಾಲಿಗೆಗೆ ರೇಶಿಮೆಯಂತಾಗುತ್ತವೆ. ತಿರುವುತ್ತಿದ್ದಂತೆ ಹೊಳಪು ಮಾಸತೊಡಗುವ ಆ ಒಂದು ಗಳಿಗೆಯಲ್ಲಿ ಕೇಕಿನ ಮೇಲೆ ಸುರಿದುಬಿಡಬೇಕು. ತಡೆದರೆ ಪಾತ್ರೆಯಲ್ಲಿಯೇ ಬರ್ಫಿಯಾಗುತ್ತದೆ. ಇಷ್ಟು ಸಾವಧಾನವಿಲ್ಲದವರು 200 ಗ್ರಾಂ ಸಕ್ಕರೆ, 70 ಗ್ರಾಂ ಬೆಣ್ಣೆ, 80 ಮಿಲಿಲೀಟರು ಹಾಲನ್ನು ಒಂದೇ ನಿಮಿಷ ಕುದಿಸಿ ಇಳಿಸಿ, 150 ಗ್ರಾಂ ಕಹಿ ಚಾಕೊಲೇಟಿನ ಚೂರುಗಳನ್ನು ಕರಗಿಸಿ ಸುರಿಯಬಹುದು. ಅದೂ ಚೆನ್ನಾಗಿಯೇ ಇರುತ್ತದೆ. ಉಳಿದ ಕವಳಿಯ ಹಣ್ಣು ಮೇಲೆ.

ಈ ಕೇಕಿನ ಸಾಮಗ್ರಿಗಳನ್ನು ಸಾಲಾಗಿಟ್ಟು ನೋಡಿದಾಗ ನನಗೆ ಒಂದು ಸಂಗತಿ ಮನಸ್ಸಿಗೆ ನಾಟಿತು. ಕೋಕೋ ಎಲ್ಲಿಯದು? ದಕ್ಷಿಣ ಕನ್ನಡದ ಅಡಕೆಯ ತೋಟಗಳ ನಡುವೆ ಬೆಳೆದ ಕೋಕೋ ಬೀಜವನ್ನು ಕೊಳ್ಳುವವರಿಲ್ಲದೆ ಬೆಲೆ ಕುಸಿದು ರೈತರು ಕಂಗೆಟ್ಟಿದ್ದ ಕಾಲದಲ್ಲಿ, 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರು ಅಡಕೆ ಬೆಳೆಗಾರರಿಗಾಗಿ ಕಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಮುಂದೆ ಬಂದು ಆ ಬೀಜವನ್ನು ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ಬೆಣ್ಣೆ ಎಲ್ಲಿಯದು? ಹಳ್ಳಿಹಳ್ಳಿಯ ಹಾಲು ಉತ್ಪಾದಕರ ಸಂಘಗಳ ಮೂಲಕ ಬಂದ ನಂದಿನಿಯದು. ಕೋಕೋವನ್ನೂ ಬೆಣ್ಣೆಯನ್ನೂ ಸಹಕಾರ ತತ್ತ್ವವೇ ನಮ್ಮ ಮನೆಗೆ ತಂದಿರುವಾಗ, ಮೂರನೆಯದಾದ ಹಣ್ಣು ಮಾತ್ರ ಏಕೆ ಅನಾಥವಾಗಿ ಉಳಿಯಬೇಕು? ಅದೂ ಯಾವ ಜಿಲ್ಲೆಯಲ್ಲಿ? 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊತ್ತಮೊದಲ ಕೃಷಿ ಸಹಕಾರಿ ಸಂಘವನ್ನು ಸ್ಥಾಪಿಸಿದ ಕಣಗಿನಹಾಳ ಗದಗ ತಾಲೂಕಿನದೇ ಊರು. ಆ ಮಹನೀಯರ ನೆಲದಲ್ಲಿ ಕವಳಿಯ ಹಣ್ಣನ್ನು ಮಾರುವಾಕೆ ಇನ್ನೂ ಒಬ್ಬಂಟಿಯಾಗಿ, ಬಿಸಿಲಿನಲ್ಲಿ, ಸಂಜೆಯೊಳಗೆ ಬುಟ್ಟಿ ಬರಿದಾಗದಿದ್ದರೆ ಹಣ್ಣು ಕೊಳೆತೀತೆಂಬ ಆತಂಕದಲ್ಲಿ ಕೂತಿರುವುದು ನಮಗೆಲ್ಲ ನಾಚಿಕೆಯ ಸಂಗತಿ. ಸಕ್ಕರೆಯಲ್ಲಿ ಬೇಯಿಸಿ ಶೀಸೆಗೆ ತುಂಬಿದ ಕವಳಿ ತಿಂಗಳುಗಟ್ಟಲೆ ಕಾಯಬಲ್ಲದು. ಡೋಣಿ, ಡೋಣಿ ತಾಂಡಾ, ಡಂಬಳಗಳ ಮಹಿಳಾ ಸ್ವಸಹಾಯ ಸಂಘಗಳು ಇದನ್ನು ಕೈಗೊಂಡು, ಗದಗ ಬೆಟಗೇರಿಯ ಬೇಕರಿಗಳಿಗೆ ಬಣ್ಣ ಬೆರೆಸದ ಕವಳಿಯನ್ನು ಅದರ ಸ್ವಂತ ಹೆಸರಿನ ಚೀಟಿ ಅಂಟಿಸಿ ಒದಗಿಸುವುದು ಅಸಾಧ್ಯವಾದ ಕಾರ್ಯವಲ್ಲ. ಇಂಥ ಸಣ್ಣ ಆಹಾರ ಉದ್ದಿಮೆಗಳಿಗೆ ಶೇಕಡಾ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳ ಸಹಾಯಧನ ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ್ದನ್ನೂ ಇಲ್ಲಿ ನೆನೆಯಬಹುದು.

ಮೈದಾ, ಸಕ್ಕರೆಗಳ ಭಕ್ಷ್ಯವನ್ನು ಹಳ್ಳಿಯವರಿಗೆ ಕಲಿಸಹೊರಡುವುದು ತರವೇ ಎಂದು ವೈದ್ಯ ಮಿತ್ರರು ಆಕ್ಷೇಪಿಸಿಯಾರು. ಹಬ್ಬದ ಅಡಿಗೆ ಹಬ್ಬದ ದಿನಕ್ಕೆ. ಹೋಳಿಗೆಯನ್ನೂ ಯಾರೂ ದಿನವೂ ಉಣ್ಣುವುದಿಲ್ಲ. ವರ್ಷಕ್ಕೊಮ್ಮೆ ಹೇಗೂ ಅಂಗಡಿಯಿಂದ ಬರುವ ಕೇಕಿನ ಬದಲಿಗೆ ಮನೆಯಲ್ಲಿ ಬೆಂದದ್ದನ್ನು ಮಗು ತಿಂದರೆ, ಅದರಲ್ಲಿ ಏನೇನು ಬಿದ್ದಿದೆಯೆಂಬುದನ್ನಾದರೂ ತಾಯಿ ಬಲ್ಲಳು.

ಇದಕ್ಕಿಂತ ಗುರುತರವಾದ ಆಕ್ಷೇಪ ಗುಡ್ಡದ ಕಡೆಯಿಂದ ಬರುವಂಥದು. ಅದನ್ನು ನಾನೇ ಎತ್ತುತ್ತೇನೆ. ಕವಳಿಗೆ ಬೇಡಿಕೆ ಬಂದಿತೆಂದರೆ ಕಪ್ಪತಗುಡ್ಡದ ಕಂಟಿಗಳ ಮೇಲೆ ಕೈಬೀಳುವುದು ಖಂಡಿತ. ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಮೈಚಾಚಿದ, ಔಷಧೀಯ ಸಸ್ಯಗಳ ಭಂಡಾರವೆಂದು ಹೆಸರಾದ ಆ ಗಿರಿಶ್ರೇಣಿ ತನ್ನ ಮಣ್ಣಿನ ಕೆಳಗಿನ ಖನಿಜದ ದೆಸೆಯಿಂದ ಎಂಥ ಗಂಡಾಂತರಗಳನ್ನು ದಾಟಿ ಬಂದಿದೆಯೆಂಬುದು ಈ ಜಿಲ್ಲೆಯವರು ಮರೆಯುವ ಸಂಗತಿಯಲ್ಲ. 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿ, 2016ರಲ್ಲಿ ಆ ಘೋಷಣೆ ರದ್ದಾಗಿ, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ನಡೆಸಿದ ಜನಾಂದೋಲನದ ಫಲವಾಗಿ 2017ರಲ್ಲಿ ಮರಳಿ ಊರ್ಜಿತಗೊಂಡು, 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾದ ಗುಡ್ಡ ಅದು. ಅಲ್ಲಿಯ ಕವಳಿ ಹಕ್ಕಿಗಳ, ನರಿಗಳ, ಕರಡಿಗಳ ಆಹಾರ. ವನ್ಯಜೀವಿಧಾಮದಿಂದ ಅಪ್ಪಣೆಯಿಲ್ಲದೆ ಅರಣ್ಯೋತ್ಪನ್ನವನ್ನು ತರುವುದಕ್ಕೆ ಕಾನೂನಿನ ನಿಷೇಧವೂ ಇದೆ. ಒಂದು ಕೇಕಿಗಾಗಿ ಗುಡ್ಡದ ಒಂದು ಟೊಂಗೆಯೂ ಮುರಿಯಕೂಡದೆಂಬುದೇ ನನ್ನ ನಿಲುವು. ಆದುದರಿಂದಲೇ ಆರಂಭದಲ್ಲಿ ಬದುವಿನ ಮಾತನ್ನು ಆಡಿದೆನು.

ಕವಳಿಯಷ್ಟು ಬದುವಿಗೆ ಒಗ್ಗುವ ಗಿಡ ಮತ್ತೊಂದು ಇರಲಾರದು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮ ಜಿಲ್ಲೆಯಲ್ಲಿ, ಬೇರೆ ಹಣ್ಣಿನ ಗಿಡಗಳು ನೀರಿಗಾಗಿ ಬಾಯಿಬಿಡುವ ಗರಸಿನ ನೆಲದಲ್ಲಿಯೂ ಇದು ಹಸುರಾಗಿ ನಿಲ್ಲುತ್ತದೆ. ಮೂರಡಿಗೊಂದರಂತೆ ಸಾಲಾಗಿ ನೆಟ್ಟರೆ ಕೆಲವೇ ವರ್ಷಗಳಲ್ಲಿ ದನ ನುಗ್ಗಲಾರದ ಜೀವಂತ ಬೇಲಿಯಾಗುತ್ತದೆ. ಮುಳ್ಳುತಂತಿಗೆ ಹಣ ಸುರಿಯುವ ರೈತನಿಗೆ ಅಷ್ಟೇ ಸಾಕಾದ ಲಾಭ. ಮೂರನೆಯ ವರ್ಷದ ಸುಮಾರಿಗೆ ಬರತೊಡಗುವ ಹಣ್ಣು ಅದರ ಮೇಲಿನ ಲಾಭ. ಕೊಂಕಣದ ದಾಪೋಳಿಯ ಕೃಷಿ ವಿದ್ಯಾಪೀಠದವರು ದೊಡ್ಡ ಹಣ್ಣಿನ ‘ಕೊಂಕಣ ಬೋಲ್ಡ್’ ಎಂಬ ತಳಿಯನ್ನೂ, ಪಂತನಗರದವರು ‘ಪಂತ್ ಮನೋಹರ್’, ‘ಪಂತ್ ಸುದರ್ಶನ್’ ಮೊದಲಾದುವನ್ನೂ ಹೊರತಂದಿದ್ದಾರೆ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯವೂ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೂ ನಮ್ಮ ನೆಲದ್ದೇ ಕವಳಿಯಲ್ಲಿ ಹಣ್ಣು ದೊಡ್ಡದು, ಹಾಲು ಕಡಿಮೆ ಎನ್ನುವಂಥ ಗಿಡಗಳನ್ನು ಆರಿಸಿ ಬೆಳೆಸಿದರೆ ಹೊರಗಿನ ತಳಿಗಾಗಿ ಕಾಯುವ ಕಾರಣವೂ ಉಳಿಯದು.

ಕವಳಿಯ ಬೀಜ ಬಹಳ ದಿನ ಜೀವ ಹಿಡಿದಿರುವುದಿಲ್ಲ. ಒಣಗಿಸಿ ಮುಂದಿನ ವರ್ಷಕ್ಕೆಂದು ಇಟ್ಟರೆ ಹುಟ್ಟುವುದು ಕಡಿಮೆ. ಆದುದರಿಂದ ಈ ಬೇಸಿಗೆಯ ಕೊನೆಗೆ ಸಂತೆಯಿಂದ ಹಣ್ಣು ಕೊಂಡು ಕೇಕಿಗೋ ಉಪ್ಪಿನಕಾಯಿಗೋ ಬೀಜ ಬಿಡಿಸಿದವರು ಅವನ್ನು ತಿಪ್ಪೆಗೆ ಚೆಲ್ಲದೆ, ತೊಳೆದು ನೆರಳಿನಲ್ಲಿ ಒಂದೆರಡು ದಿನ ಆರಿಸಿ, ಮಣ್ಣು, ಉಸುಕು, ಗೊಬ್ಬರ ಸಮಭಾಗವಾಗಿ ಬೆರೆಸಿದ ಚೀಲಗಳಲ್ಲಿ ಕೂಡಲೇ ಊರಬೇಕು. ಸಸಿ ಒಂದು ವರ್ಷ ಬಲಿತ ತರುವಾಯ ಮುಂದಿನ ಮುಂಗಾರಿನ ಮೊದಲ ಹದಮಳೆಗೆ ಬದುವಿಗೆ ದಾಟಿಸಬಹುದು. ತೋಟಗಾರಿಕೆ ಇಲಾಖೆಯವರು ಮಾವು, ತೆಂಗುಗಳ ಸಸಿಗಳೊಡನೆ ಮುಂಡರಗಿ, ಶಿರಹಟ್ಟಿಗಳ ತಮ್ಮ ಸಸ್ಯಾಗಾರಗಳಲ್ಲಿ ಕೆಲವು ಸಾವಿರ ಕವಳಿಯ ಸಸಿಗಳನ್ನೂ ಈ ವರ್ಷವೇ ಎಬ್ಬಿಸಿ, ಬೇಲಿಗೆಂದು ಕೇಳಿದ ರೈತರಿಗೆ ಅಗ್ಗದ ದರದಲ್ಲಿ ಹಂಚಬೇಕು.